ಕೈಯಲ್ಲಿ ಬೀಜ, ಬಾಯಲ್ಲಿ ಲೆಕ್ಕ: ನಲಿ-ಕಲಿ ವಯಸ್ಸಿನ ಗಣಿತವೂ ತರಗತಿ ನಿರ್ವಹಣೆಯೂ

ಒಂದರಿಂದ ಮೂರನೇ ತರಗತಿಯವರೆಗಿನ ಗಣಿತವನ್ನೂ ತರಗತಿ ನಿರ್ವಹಣೆಯನ್ನೂ ಎರಡು ವಿಷಯಗಳೆಂದು ನೋಡುವುದು ರೂಢಿ. ತರಗತಿಯ ಒಳಗೆ ಅವು ಎರಡಾಗಿ ಇರುವುದಿಲ್ಲ. ಮೂವತ್ತು ಮಕ್ಕಳ ನಡುವೆ ಹುಣಸೆ ಬೀಜದ ಡಬ್ಬಿ ತೆರೆದಾಗ ಎಣಿಕೆಯ ಪಾಠ ಎಲ್ಲಿಗೆ ಮುಗಿಯಿತು, ಗದ್ದಲ ಎಲ್ಲಿಂದ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಬೀಜ ಯಾರ ಕೈಗೆ ಎಷ್ಟು, ಯಾವಾಗ, ಯಾವುದರಲ್ಲಿ ಬರುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಅದು ಗಣಿತ. ಇಲ್ಲವಾದರೆ ಅದು ಕಿತ್ತಾಟ.

‘ಕೈ ಕಟ್, ಬಾಯ್ ಮುಚ್’ ಎಂಬ ಆಜ್ಞೆಯನ್ನು ಕೇಳದೆ ಕನ್ನಡ ಶಾಲೆಯಲ್ಲಿ ಓದಿದವರು ಕಡಿಮೆ. ಆರೇಳು ವರ್ಷದ ಮಗು ಎಣಿಸುವುದು ಕೈಯಿಂದ, ಎಣಿಸಿದ್ದನ್ನು ಗಟ್ಟಿ ಮಾಡಿಕೊಳ್ಳುವುದು ಬಾಯಿಂದ. ಎರಡನ್ನೂ ಕಟ್ಟಿಹಾಕಿದ ಕೋಣೆಯಲ್ಲಿ ಸದ್ದು ಇರುವುದಿಲ್ಲ, ಲೆಕ್ಕವೂ ನಡೆಯುವುದಿಲ್ಲ. ಈ ವಯಸ್ಸಿನ ಗಣಿತದ ತರಗತಿಗೆ ಬೇಕಾದ ಶಿಸ್ತು ಬೇರೆಯದು: ಕೈಗಳಿಗೆ ಕೆಲಸ, ಬಾಯಿಗೆ ಸರದಿ. ಬೆತ್ತಕ್ಕೆ ಅಲ್ಲಿ ಜಾಗವೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಲೆಕ್ಕ ತಪ್ಪಿದ ಮಗುವನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ ‘ದಡ್ಡ’ ಎನ್ನುವುದೂ ಕಿರುಕುಳವೇ. ಗಣಿತದ ಭಯ ಹುಟ್ಟುವ ಜಾಗ ಬಹುಪಾಲು ಅದೇ.

ಗುರಿಯ ಮಟ್ಟಿಗೆ ಹೇಳುವುದಾದರೆ ದೇಶಕ್ಕೆಲ್ಲ ಒಂದು ಚೌಕಟ್ಟು ಈಗ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಯೋಜನೆ, 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು-ಬರಹ ಮತ್ತು ಲೆಕ್ಕದ ಬುನಾದಿ ಸಿಗಬೇಕೆನ್ನುತ್ತದೆ. ಅದರ ಪ್ರಕಾರ ಒಂದನೇ ತರಗತಿಗೆ 99ರವರೆಗಿನ ಸಂಖ್ಯೆಗಳು, ಎರಡನೆಯದಕ್ಕೆ 999, ಮೂರನೆಯದಕ್ಕೆ 9999. ಗುರಿ ಬರೆಯುವುದು ಸುಲಭ. ಅದನ್ನು ಮುಟ್ಟುವ ದಾರಿ ಹಾದುಹೋಗುವುದು ನಲವತ್ತು ನಿಮಿಷದ ಪಿರಿಯಡ್ಡುಗಳ ಮೂಲಕ.

ಹೆಗ್ಗಡದೇವನಕೋಟೆಯಿಂದ ಬಂದ ಪಾಠ

ಆ ಪಿರಿಯಡ್ಡುಗಳನ್ನು ನಡೆಸುವುದು ಹೇಗೆ ಎಂಬ ಪ್ರಶ್ನೆಗೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಸಿಕ್ಕ ದೊಡ್ಡ ಉತ್ತರ ನಲಿ-ಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ ಅದು ಮೊದಲಾಯಿತು. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ನಡೆಯುತ್ತಿದ್ದ ಕಲಿಕೆಯನ್ನು ಕಂಡು ಬಂದ ಶಿಕ್ಷಕರು ತಮ್ಮ ಶಾಲೆಗಳಿಗೆ ಒಪ್ಪುವಂತೆ ಅದನ್ನು ತಾವೇ ರೂಪಿಸಿಕೊಂಡರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿತು. ಮೇಲಿನಿಂದ ಇಳಿದು ಬಂದ ಆದೇಶವಾಗಿ ಅಲ್ಲದೆ ಶಿಕ್ಷಕರ ಕೈಯಲ್ಲಿ ಹುಟ್ಟಿದ ಪದ್ಧತಿಯಾದ್ದರಿಂದ ಅದರ ಒಳ ವಿವರಗಳಲ್ಲಿ ತರಗತಿಯ ವಾಸನೆ ಇದೆ.

ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕೂರುತ್ತಾರೆ. ಗುಂಪು ಮಾಡುವುದು ವಯಸ್ಸು ನೋಡಿ ಅಲ್ಲ, ಎಷ್ಟು ನೆರವು ಬೇಕು ಎಂಬುದನ್ನು ನೋಡಿ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ಕಡೆ, ಅಷ್ಟಿಷ್ಟು ನೆರವು ಸಾಕಾದವರು ಮತ್ತೊಂದು ಕಡೆ, ಗೆಳೆಯರಿಂದ ಕಲಿಯಬಲ್ಲವರು ಇನ್ನೊಂದು ಕಡೆ, ತಾವೇ ಮಾಡಿಕೊಳ್ಳುವವರು ಮಗದೊಂದು ಕಡೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂಬುದನ್ನು ಮಗುವೇ ಚಿತ್ರದ ಗುರುತು ನೋಡಿ ಪತ್ತೆಹಚ್ಚಿ, ಆ ಕಾರ್ಡನ್ನು ತಾನೇ ತಂದುಕೊಳ್ಳುತ್ತದೆ. ಮಕ್ಕಳು ಬರೆದದ್ದು, ಕತ್ತರಿಸಿದ್ದು ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತದೆ. ಮಕ್ಕಳ ಕೈಗೆಟುಕುವ ಎತ್ತರಕ್ಕೆ ಗೋಡೆಯ ಕೆಳಭಾಗದಲ್ಲೇ ಕಪ್ಪುಹಲಗೆ ಇರುತ್ತದೆ.

ಈ ವ್ಯವಸ್ಥೆಯ ಬೆಲೆ ತಿಳಿಯುವುದು ಮಗು ಗೈರಾದಾಗ. ಕಬ್ಬು ಕಡಿಯಲು ಹೋದ ಅಪ್ಪ-ಅಮ್ಮನ ಜೊತೆ ಹೋಗಿ ಒಂದು ತಿಂಗಳ ಬಳಿಕ ಮರಳಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು; ಇಡೀ ತರಗತಿ ಎಲ್ಲೋ ಮುಂದೆ ಹೋಗಿಬಿಟ್ಟಿತು ಎಂಬ ಭಾವ ಅದಕ್ಕೆ ಬರಬೇಕಿಲ್ಲ. ಕೊರತೆಯೂ ಅಲ್ಲೇ ಇದೆ. ಶಿಕ್ಷಕಿ ಒಂದು ಗುಂಪಿನ ಜೊತೆ ಕುಳಿತಾಗ ಉಳಿದ ಗುಂಪುಗಳ ಕೆಲಸ ಗಟ್ಟಿಯಾಗಿರದಿದ್ದರೆ ‘ಸ್ವಕಲಿಕೆ’ ಎಂಬುದು ಬರೀ ಕಾಯುವ ಕೆಲಸವಾಗುತ್ತದೆ. ಕಾಯುವ ಮಗು ಹತ್ತು ನಿಮಿಷದಲ್ಲಿ ಪಕ್ಕದವನ ಪೆನ್ಸಿಲ್ ಎಳೆಯುತ್ತದೆ. ಅದು ಆ ಮಗುವಿನ ದೋಷವಲ್ಲ, ಕೆಲಸ ಹಂಚಿದ್ದರಲ್ಲಿನ ದೋಷ.

ಗದ್ದಲ ಆಗುವ ಮೊದಲು

ಅಮೆರಿಕದ ಮನಃಶಾಸ್ತ್ರಜ್ಞ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನ ತರಗತಿ ನಿರ್ವಹಣೆಯ ವಿಷಯದಲ್ಲಿ ಇಂದಿಗೂ ಮೊದಲು ನೆನೆಯಬೇಕಾದದ್ದು. ಗದ್ದಲ ಆದ ಮೇಲೆ ಹೇಗೆ ಗದರಿಸುತ್ತಾರೆ ಎಂಬುದರಲ್ಲಿ ಒಳ್ಳೆಯ ನಿರ್ವಾಹಕರಿಗೂ ಸೋತವರಿಗೂ ನಡುವೆ ಕೌನಿನ್ ಅವರಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗದ್ದಲ ಆಗುವ ಮೊದಲು: ಕೋಣೆಯ ಎಲ್ಲ ಮೂಲೆಯ ಮೇಲೂ ಕಣ್ಣಿದೆ ಎಂಬುದು ಮಕ್ಕಳಿಗೆ ಗೊತ್ತಿರುವುದು, ಎರಡು ಕಡೆಯ ಕೆಲಸವನ್ನು ಏಕಕಾಲಕ್ಕೆ ನಿಭಾಯಿಸುವುದು, ಒಂದು ಚಟುವಟಿಕೆಯಿಂದ ಮತ್ತೊಂದಕ್ಕೆ ತಡೆಯಿಲ್ಲದೆ ದಾಟಿಸುವುದು. ನೆಲದ ಮೇಲೆ ಗುಂಪಿನ ಜೊತೆ ಕೂರುವಾಗ ಗೋಡೆಗೆ ಬೆನ್ನು ಮಾಡಿ, ಇಡೀ ಕೋಣೆ ಕಾಣುವಂತೆ ಕೂರುವುದು ಚಿಕ್ಕ ಸಂಗತಿ. ಪರಿಣಾಮ ಚಿಕ್ಕದಲ್ಲ.

ಗದ್ದಲ ಹೆಚ್ಚಾಗಿ ಹುಟ್ಟುವುದು ಪಾಠದ ನಡುವೆ ಅಲ್ಲ, ಎರಡು ಕೆಲಸಗಳ ಸಂದಿಯಲ್ಲಿ. ಸಾಮಗ್ರಿ ಹಂಚುವ ಮೂರು ನಿಮಿಷ, ಸ್ಲೇಟು ಒರೆಸುವ ಒಂದು ನಿಮಿಷ, ಸಾಲಿನಿಂದ ವೃತ್ತಕ್ಕೆ ಬರುವ ಎರಡು ನಿಮಿಷ. ಈ ಸಂದಿಗಳಿಗೂ ಲೆಕ್ಕವನ್ನೇ ತುಂಬಬಹುದು. ‘ಇಪ್ಪತ್ತರಿಂದ ಹಿಂದಕ್ಕೆ ಎಣಿಸುತ್ತೇನೆ, ಸೊನ್ನೆ ಬರುವಷ್ಟರಲ್ಲಿ ವೃತ್ತ ಆಗಿರಬೇಕು’ ಎಂದರೆ ಮಕ್ಕಳು ಓಡುತ್ತ ತಾವೂ ಹಿಂದಕ್ಕೆ ಎಣಿಸುತ್ತಾರೆ. ಇನ್ನೊಂದು ದಿನ ಎರಡೆರಡಾಗಿ ಎಣಿಸಬಹುದು. ಸದ್ದು ಇಳಿಸಲು ಕೂಗುವ ಬದಲು ಚಪ್ಪಾಳೆಯ ತಾಳ ಸಾಕು: ಶಿಕ್ಷಕಿ ಎರಡು-ಒಂದು-ಎರಡು ತಟ್ಟಿದರೆ ಮಕ್ಕಳು ಅದನ್ನೇ ತಿರುಗಿ ತಟ್ಟಬೇಕು. ಮೊದಲ ಸಲ ಅರ್ಧ ಜನ ತಟ್ಟುತ್ತಾರೆ, ಎರಡನೇ ಸಲ ಎಲ್ಲರೂ, ಮೂರನೆಯದಕ್ಕೆ ಮೌನ. ಆ ತಾಳವೇ ವಿನ್ಯಾಸದ ಪಾಠವೂ ಹೌದು.

ಸಾಮಗ್ರಿಯ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಒಂದೇ ಡಬ್ಬಿಯಲ್ಲಿ ಐನೂರು ಬೀಜ ಇಟ್ಟು ‘ತಗೊಳ್ಳಿ’ ಎನ್ನುವುದಕ್ಕಿಂತ ಹದಿನೈದು ತೆಂಗಿನ ಕರಟಗಳಲ್ಲಿ ಇಪ್ಪತ್ತಿಪ್ಪತ್ತು ಬೀಜ ಇಟ್ಟು ಇಬ್ಬರಿಗೆ ಒಂದು ಕರಟ ಕೊಡುವುದು ಲೇಸು. ಕರಟದ ಮೇಲೆ ಸಂಖ್ಯೆ, ಅದನ್ನು ತರುವ ಮತ್ತು ಮರಳಿಸುವ ಜವಾಬ್ದಾರಿ ಆ ವಾರದ ಜೋಡಿಗೆ. ಮರಳಿಸುವಾಗ ಎಣಿಸಿ ಕೊಡಬೇಕು. ಹತ್ತೊಂಬತ್ತು ಬಂದರೆ ‘ಎಷ್ಟು ಕಡಿಮೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಮಕ್ಕಳು ಚಾಪೆ ಎತ್ತಿ ಹುಡುಕುತ್ತಾರೆ. ಪಠ್ಯಪುಸ್ತಕದ ಹತ್ತು ಕಳೆಯುವ ಲೆಕ್ಕಗಳಿಗಿಂತ ಆ ಹುಡುಕಾಟದ ಕಳೆಯುವಿಕೆ ಮಗುವಿಗೆ ಹೆಚ್ಚು ತಾಗುತ್ತದೆ. ಬೀಜದ ಆಯ್ಕೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ನೋಡಲು ಚೆಂದವೆಂದು ಗುಲಗಂಜಿಯನ್ನು ಎಣಿಕೆಗೆ ಕೊಡಲೇಬಾರದು. ಅಗಿದರೆ ಅದು ಪ್ರಾಣಕ್ಕೆ ಅಪಾಯ ತರುವ ವಿಷ. ಹುಣಸೆ ಬೀಜ, ಗಜಗ, ಬಾಟಲಿಯ ಮುಚ್ಚಳ ಸಾಕು. ಮೂಗು-ಕಿವಿಗೆ ತುರುಕಿಕೊಳ್ಳುವ ಚಿಕ್ಕ ಮಕ್ಕಳಿರುವ ಕಡೆ ಮುಚ್ಚಳವೇ ಮೇಲು.

ಬಾಯಿಗೆ ಸರದಿ ಎಂದರೆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಜಾಗ ಬಿಡುವುದು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂಬುದನ್ನು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು; ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಮಾತಾಡದ ಮಕ್ಕಳೂ ಬಾಯಿ ಬಿಡುತ್ತಾರೆ. ‘ಏಳಕ್ಕೆ ಆರು ಕೂಡಿದರೆ?’ ಎಂದ ಕೂಡಲೇ ಮುಂದಿನ ಸಾಲಿನ ಇಬ್ಬರು ‘ಹದಿಮೂರು!’ ಎಂದು ಕಿರುಚುವ ತರಗತಿಯಲ್ಲಿ ಉಳಿದವರಿಗೆ ಲೆಕ್ಕ ಮಾಡುವ ಅಗತ್ಯವೇ ಬೀಳುವುದಿಲ್ಲ. ಉತ್ತರ ಗೊತ್ತಾದವರು ಎದೆಯ ಮೇಲೆ ಹೆಬ್ಬೆರಳು ಎತ್ತಿ ಇಡಲಿ, ಬಾಯಿ ಬಿಡದಿರಲಿ. ಎಲ್ಲರ ಹೆಬ್ಬೆರಳು ಬಂದ ಮೇಲೆ ಮೊದಲು ಪಕ್ಕದವರಿಗೆ ಪಿಸುಮಾತಲ್ಲಿ ಹೇಳಲಿ, ಆಮೇಲೆ ಎಲ್ಲರಿಗೆ. ಕೇಳಬೇಕಾದ್ದು ‘ಎಷ್ಟು?’ ಎಂಬುದಷ್ಟೇ ಅಲ್ಲ, ‘ಹೇಗೆ ಮಾಡ್ದೆ?’ ಎಂಬುದು. ಒಬ್ಬ ‘ಆರು ಆರು ಹನ್ನೆರಡು, ಇನ್ನೊಂದು’ ಎನ್ನುತ್ತಾನೆ. ಇನ್ನೊಬ್ಬಳು ‘ಏಳಕ್ಕೆ ಮೂರು ಹಾಕಿ ಹತ್ತು ಮಾಡ್ದೆ, ಮೂರು ಉಳೀತು’ ಎನ್ನುತ್ತಾಳೆ. ತರಗತಿಯ ಗಣಿತ ಇರುವುದು ಈ ಎರಡು ವಾಕ್ಯಗಳಲ್ಲಿ.

ಬೇಗ ಮುಗಿಸುವ ಮಕ್ಕಳಿಗೆ ಅದೇ ಬಗೆಯ ಇನ್ನೂ ಹತ್ತು ಲೆಕ್ಕ ಕೊಡುವುದು ಶಿಕ್ಷೆ ಕೊಟ್ಟಂತೆ. ‘ಉತ್ತರ 12 ಬರುವ ಲೆಕ್ಕ ಎಷ್ಟು ಕಟ್ಟಬಲ್ಲೆ?’ ಎಂಬಂಥ, ಕೊನೆಯೇ ಇಲ್ಲದ ಕೆಲಸ ಅವರಿಗೆ ಒಪ್ಪುತ್ತದೆ.

ಎಣಿಕೆ: ಮೊದಲ ಮೆಟ್ಟಿಲು

ಒಂದರಿಂದ ನೂರರವರೆಗೆ ಪಟಪಟ ಹೇಳುವ ಮಗುವಿಗೆ ಎಣಿಸಲು ಬರುತ್ತದೆ ಎಂದು ಹೇಳಲಾಗದು. ರೋಚೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ 1978ರಲ್ಲಿ ಎಣಿಕೆಯ ಐದು ತತ್ವಗಳನ್ನು ಗುರುತಿಸಿದರು: ಒಂದು ವಸ್ತುವಿಗೆ ಒಂದೇ ಹೆಸರು, ಹೆಸರುಗಳ ಕ್ರಮ ಬದಲಾಗದು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು, ಎಂಥ ವಸ್ತುವನ್ನಾದರೂ ಎಣಿಸಬಹುದು, ಎಲ್ಲಿಂದ ಎಣಿಸಿದರೂ ಒಟ್ಟು ಅಷ್ಟೇ. ಇವುಗಳಲ್ಲಿ ಮೂರನೆಯದನ್ನು ಪರೀಕ್ಷಿಸಲು ಎರಡು ನಿಮಿಷ ಸಾಕು. ಎಂಟು ಮುಚ್ಚಳ ಎಣಿಸಿದ ಮಗುವಿಗೆ ‘ಹಾಗಾದ್ರೆ ಎಷ್ಟಿವೆ?’ ಎಂದು ಕೇಳಬೇಕು. ಮಗು ಮತ್ತೆ ಒಂದರಿಂದ ಎಣಿಸತೊಡಗಿದರೆ ‘ಎಂಟು’ ಎಂಬುದು ಕೊನೆಯ ಮುಚ್ಚಳದ ಹೆಸರು ಎಂದೇ ಅದು ತಿಳಿದಿದೆ, ಒಟ್ಟಿನ ಹೆಸರು ಎಂದಲ್ಲ. ಇಂಥ ಮಗುವಿಗೆ ಕೂಡುವ ಲೆಕ್ಕ ಕೊಡುವುದು ಅಡಿಪಾಯವಿಲ್ಲದ ಗೋಡೆ ಎಬ್ಬಿಸಿದಂತೆ. ‘ಆರು ಬೀಜ ಕೊಡು’, ‘ಒಂಬತ್ತು ತಟ್ಟೆ ತಾ’ ಎಂಬಂಥ ತಂದುಕೊಡುವ ಕೆಲಸ ಅದಕ್ಕೆ ಮೊದಲು ಬೇಕು. ಮಧ್ಯಾಹ್ನದ ಬಿಸಿಯೂಟ ಇದಕ್ಕೆ ದಿನನಿತ್ಯದ ಅವಕಾಶ.

ಕನ್ನಡದ ಸಂಖ್ಯಾಪದಗಳು ಮಗುವಿಗೆ ದೊಡ್ಡ ಆಸರೆ. ಇದನ್ನು ತರಗತಿಗಳು ಬಳಸಿಕೊಳ್ಳುವುದು ಕಡಿಮೆ. ಹದಿಮೂರರಲ್ಲಿ ಹತ್ತು ಮೊದಲು, ಮೂರು ಆಮೇಲೆ. ಇಪ್ಪತ್ತೈದರಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಬರೆಯುವ ಕ್ರಮವೂ ಅದೇ. ಮರಾಠಿ, ಉರ್ದು ಮನೆಮಾತಿನ ಮಕ್ಕಳಿಗೆ ಈ ಅನುಕೂಲ ಇಲ್ಲ: ಪಂಚವೀಸ್, ಪಚ್ಚೀಸ್ ಎನ್ನುವಾಗ ಐದು ಮೊದಲು ಬರುತ್ತದೆ, ಬರೆಯುವಾಗ ಎರಡು ಮೊದಲು. ಬೆಳಗಾವಿ, ಬೀದರ್ ಕಡೆಯ ತರಗತಿಯಲ್ಲಿ 25ಕ್ಕೆ 52 ಬರೆಯುವ ಮಗುವನ್ನು ತಿದ್ದುವ ಮೊದಲು ಅದರ ಮನೆಮಾತು ಯಾವುದೆಂದು ನೋಡಬೇಕು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ‘ಥರ್ಟೀನ್’ ಮುಂತಾದವುಗಳಲ್ಲಿ ಇದೇ ತೊಡಕು. ಕನ್ನಡದಲ್ಲೂ ಎಡವುವ ಜಾಗಗಳಿಲ್ಲದಿಲ್ಲ. ಎಪ್ಪತ್ತು-ಎಂಬತ್ತು, ಒಂಬತ್ತು-ತೊಂಬತ್ತು ಕಿವಿಗೆ ಹತ್ತಿರ ಹತ್ತಿರ. ‘ಇಪ್ಪತ್ತೊಂಬತ್ತು, ಇಪ್ಪತ್ಹತ್ತು’ ಎನ್ನುವ ಮಗು ತಪ್ಪು ಹೇಳಿದರೂ ಸಂಖ್ಯೆಗಳ ಕಟ್ಟನ್ನು ಹಿಡಿದಿದೆ. ಅದನ್ನು ನಗಾಡದೆ, ಹತ್ತು ಬಿಡಿ ಸೇರಿದರೆ ಇನ್ನೊಂದು ಹತ್ತರ ಕಟ್ಟಾಗುತ್ತದೆ ಎಂದು ತೋರಿಸಿದರೆ ‘ಮೂವತ್ತು’ ತಾನಾಗಿ ಕೂರುತ್ತದೆ.

ಹತ್ತನ್ನು ಕಣ್ಣಿಗೆ ಕಟ್ಟಿಸಲು ಮೊಟ್ಟೆಯ ಟ್ರೇಗಿಂತ ಅಗ್ಗದ ಸಾಧನವಿಲ್ಲ. ಮೂವತ್ತು ಗುಳಿಯ ಟ್ರೇಯಲ್ಲಿ ಐದೈದರ ಆರು ಸಾಲು. ಎರಡೆರಡು ಸಾಲಿಗೆ ಕತ್ತರಿಸಿದರೆ ಮೂರು ‘ಹತ್ತರ ಮನೆ’ ಸಿಗುತ್ತವೆ. ಸ್ವಚ್ಛವಾದ ಟ್ರೇ ಆಯ್ದು, ಚೆನ್ನಾಗಿ ಬಿಸಿಲಿಗೆ ಒಣಗಿಸಿರಬೇಕು. ಏಳು ಬೀಜ ತುಂಬಿದರೆ ಮೇಲಿನ ಸಾಲು ಪೂರ್ತಿ, ಕೆಳಗೆ ಎರಡು, ಮೂರು ಗುಳಿ ಖಾಲಿ: ಏಳು ಎಂದರೆ ಐದು ಮತ್ತು ಎರಡು, ಹತ್ತಕ್ಕೆ ಮೂರು ಕಡಿಮೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಇದರ ಜೊತೆಗೆ ಕರಟದಾಟ. ಹತ್ತು ಬೀಜ ನೆಲದ ಮೇಲೆ. ಒಬ್ಬಳು ಕಣ್ಣು ಮುಚ್ಚಬೇಕು, ಇನ್ನೊಬ್ಬಳು ಕೆಲವನ್ನು ಕರಟದ ಕೆಳಗೆ ಮುಚ್ಚಿಡಬೇಕು. ಹೊರಗೆ ಆರು ಕಂಡರೆ ಒಳಗೆಷ್ಟು? ಹೇಳಿ, ಕರಟ ಎತ್ತಿ ನೋಡಬಹುದು. ಸರಿ-ತಪ್ಪು ಹೇಳಲು ಶಿಕ್ಷಕಿ ಬೇಕಾಗಿಲ್ಲದ ಆಟ ಇದು. ಸ್ವಕಲಿಕೆಯ ಗುಂಪಿಗೆ ಇದೇ ಬೇಕು. ಉತ್ತರವನ್ನು ವಸ್ತುವೇ ಹೇಳುವ ಚಟುವಟಿಕೆಗಳು ಎಷ್ಟು ಹೆಚ್ಚಿದ್ದರೆ ‘ಟೀಚರ್, ನೋಡಿ ಟೀಚರ್’ ಎಂಬ ಸಾಲು ಅಷ್ಟು ಕಡಿಮೆಯಾಗುತ್ತದೆ.

ಹಲಗೆಯಾಟಗಳ ಬಗ್ಗೆ ಗಟ್ಟಿ ಆಧಾರವೇ ಇದೆ. ಅಮೆರಿಕದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಾಮಾನಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳು 1ರಿಂದ 10ರ ಮನೆಗಳು ಸಾಲಾಗಿರುವ ಆಟವನ್ನು ಹದಿನೈದು ನಿಮಿಷಗಳಂತೆ ನಾಲ್ಕು ಸಲ ಆಡಿದರು. ಸಂಖ್ಯೆಗಳ ಹೆಚ್ಚು-ಕಡಿಮೆಯ ಅಂದಾಜು ಅವರಲ್ಲಿ ಎದ್ದು ಕಾಣುವಷ್ಟು ಸುಧಾರಿಸಿತು. ಸಂಖ್ಯೆಯ ಬದಲು ಬಣ್ಣ ಮಾತ್ರ ಇದ್ದ ಹಲಗೆಯಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಹಾವು-ಏಣಿಯನ್ನು ತರಗತಿಗೆ ತರುವಾಗ ಒಂದು ನಿಯಮ ಸೇರಿಸಬೇಕು: 14ರ ಮನೆಯಿಂದ ಮೂರು ಹೆಜ್ಜೆ ಇಡುವಾಗ ‘ಒಂದು, ಎರಡು, ಮೂರು’ ಎನ್ನದೆ ‘ಹದಿನೈದು, ಹದಿನಾರು, ಹದಿನೇಳು’ ಎನ್ನಬೇಕು. ಇಷ್ಟರಿಂದಲೇ ಆಟ ಕೂಡುವ ಪಾಠವಾಗುತ್ತದೆ.

ನಾಡಿನ ಆಟಗಳಲ್ಲಿ ಚೌಕಾಬಾರ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ನಾಲ್ಕು ಕವಡೆ ಎಸೆದು, ಎಷ್ಟು ಬಾಯಿ ಮೇಲಾಗಿ ಬಿದ್ದವೆಂದು ಒಂದೇ ನೋಟಕ್ಕೆ ಹೇಳುವುದು ಎಣಿಸದೆ ಗುರುತಿಸುವ ಅಭ್ಯಾಸ. ನಾಲ್ಕೂ ಮೇಲಾದರೆ ಚೌಕ, ಒಂದೂ ಇಲ್ಲದಿದ್ದರೆ ಎಂಟು, ಅದೇ ಬಾರ. ಸೀಮೆಸುಣ್ಣದಲ್ಲಿ ಐದೈದರ ಇಪ್ಪತ್ತೈದು ಮನೆ ಬರೆದರೆ ಹಲಗೆ ಸಿದ್ಧ. ಕರಾವಳಿಯ ಚನ್ನೆಮಣೆ, ಒಳನಾಡಿನ ಅಳಗುಳಿಮಣೆಯಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕೋ ಐದೋ ಕಾಯಿ. ಒಂದೊಂದಾಗಿ ಬಿತ್ತುತ್ತ ಹೋಗುವಾಗ ಎಲ್ಲಿಗೆ ಮುಗಿಯುತ್ತದೆ ಎಂದು ಮುಂಚೆ ಲೆಕ್ಕ ಹಾಕುವವರೇ ಗೆಲ್ಲುವುದು. ಎರಡು ಮತ್ತು ಮೂರನೇ ತರಗತಿಗೆ ಇದು ಸರಿ. ಒಂದನೆಯದಕ್ಕೆ ಸ್ವಲ್ಪ ಭಾರ. ಕುಂಟೆಬಿಲ್ಲೆಯ ಮನೆಗಳಲ್ಲಿ ಐದರ ಮಗ್ಗಿ ಬರೆದು ಕುಪ್ಪಳಿಸುವುದಂತೂ ಯಾರೂ ಬೇಡ ಎನ್ನದ ಆಟ. ಕುಪ್ಪಳಿಸುವ ಆಟಗಳನ್ನು ಊಟದ ನಂತರದ ಪಿರಿಯಡ್ಡಿಗೆ ಇಟ್ಟುಕೊಂಡರೆ ಮಂಪರೂ ಹೋಗುತ್ತದೆ.

ಹತ್ತರ ಕಟ್ಟು

ಸ್ಥಾನಬೆಲೆ ಈ ಮೂರು ವರ್ಷಗಳ ಗಣಿತದ ನಡುಗಂಬ. ತಪ್ಪುಗಳ ರಾಶಿ ಬೀಳುವುದೂ ಇಲ್ಲೇ. 42ರಿಂದ 17 ಕಳೆ ಎಂದಾಗ ಬಹಳಷ್ಟು ಮಕ್ಕಳು 35 ಬರೆಯುತ್ತಾರೆ. ‘ಎರಡರಲ್ಲಿ ಏಳು ಹೋಗಲ್ಲ, ಏಳರಲ್ಲಿ ಎರಡು ಹೋಗುತ್ತೆ, ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು.’ ಮಗು ಸೋಮಾರಿಯಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಕಲಿಸಿದ್ದನ್ನು ನಿಷ್ಠೆಯಿಂದ ಪಾಲಿಸಿದೆ. 42 ಅದರ ಕಣ್ಣಿಗೆ ಒಂದು ಸಂಖ್ಯೆಯಾಗಿ ಕಾಣದೆ ಅಕ್ಕಪಕ್ಕ ನಿಂತ ಎರಡು ಅಂಕಿಗಳಾಗಿ ಕಂಡಿದೆ.

ಇದನ್ನು ಹಲಗೆಯ ಮೇಲೆ ಎಷ್ಟು ಸಲ ತಿದ್ದಿದರೂ ಫಲ ಕಡಿಮೆ. ತೆಂಗಿನ ಗರಿಯ ಕಡ್ಡಿಗಳನ್ನು ಬೆರಳುದ್ದ ಕತ್ತರಿಸಿ, ಮೊನೆ ಉಜ್ಜಿ, ಹತ್ತರ ಕಟ್ಟುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕೈಗೆ ಕೊಡಬೇಕು. ಕಟ್ಟುವ ಕೆಲಸವೂ ಮಕ್ಕಳದೇ ಆಗಿರಬೇಕು. ಕಟ್ಟಿದ ಕೈಗೆ ಒಳಗೆ ಹತ್ತಿದೆ ಎಂಬುದು ನೆನಪಿರುತ್ತದೆ. ಮಗುವಿನ ಮುಂದೆ ನಾಲ್ಕು ಕಟ್ಟು, ಎರಡು ಬಿಡಿ. ಏಳು ಬಿಡಿ ತೆಗೆಯಬೇಕು, ಇರುವುದು ಎರಡೇ. ಮಗು ಒಂದು ಕ್ಷಣ ಕಟ್ಟುಗಳನ್ನೇ ನೋಡುತ್ತದೆ. ಈ ಕ್ಷಣದಲ್ಲಿ ಶಿಕ್ಷಕಿ ಸುಮ್ಮನಿರಬೇಕು, ಇದು ಕಷ್ಟದ ಕೆಲಸ. ಆಮೇಲೆ ಮಗು ಒಂದು ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ, ಕಡ್ಡಿಗಳು ಹರಡುತ್ತವೆ. ಈಗ ಮೂರು ಕಟ್ಟು, ಹನ್ನೆರಡು ಬಿಡಿ. ಏಳು ತೆಗೆದರೆ ಐದು, ಒಂದು ಕಟ್ಟು ತೆಗೆದರೆ ಎರಡು: ಇಪ್ಪತ್ತೈದು. ‘ಸಾಲ ತಂದೆ’ ಎಂಬ ಹಳೆಯ ಮಾತಿಗಿಂತ ‘ಕಟ್ಟು ಬಿಚ್ಚಿದೆ’ ಎಂಬ ಮಾತು ಸತ್ಯಕ್ಕೆ ಹತ್ತಿರ. ಸಾಲವಾದರೆ ತೀರಿಸಬೇಕಲ್ಲ, ಇಲ್ಲಿ ಯಾರೂ ಏನನ್ನೂ ತೀರಿಸುವುದಿಲ್ಲ. ದಶಕ ಸಹಿತ ಕೂಡುವಿಕೆಯಲ್ಲಿ ಇದೇ ಕೆಲಸ ತಿರುಗುಮುರುಗಾಗಿ: ಹತ್ತು ಬಿಡಿ ಸೇರಿದೊಡನೆ ಕಟ್ಟು.

ಕಡ್ಡಿಯಿಂದ ನೇರ ಅಂಕಿಗೆ ಹಾರುವುದು ಅವಸರ. ನಡುವೆ ಚಿತ್ರದ ಹಂತ ಬೇಕು: ಕಟ್ಟಿಗೆ ಉದ್ದ ಗೆರೆ, ಬಿಡಿಗೆ ಚುಕ್ಕಿ. ಮಗು ಮಾಡಿ ತಿಳಿಯುವುದು, ಚಿತ್ರದಿಂದ ತಿಳಿಯುವುದು, ಸಂಕೇತದಿಂದ ತಿಳಿಯುವುದು ಎಂದು ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ಕ್ರಮವೇ ಸಿಂಗಪುರದ ಗಣಿತ ಬೋಧನೆಗೂ, ಕರ್ನಾಟಕದಲ್ಲಿ ಅಕ್ಷರ ಫೌಂಡೇಷನ್ ಜೊತೆಗೂಡಿ ಸರ್ಕಾರಿ ಶಾಲೆಗಳಲ್ಲಿ ನಡೆದ ಗಣಿತ ಕಲಿಕಾ ಆಂದೋಲನದ ಕಿಟ್ಟಿಗೂ ತಳಹದಿ. ಕಿಟ್ಟು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿದ್ದರೆ ಯಾವ ಕ್ರಮವೂ ನಡೆಯದು. ಒಡೆದರೆ, ಕಳೆದರೆ ಯಾರು ಉತ್ತರ ಕೊಡಬೇಕು ಎಂಬ ಅಂಜಿಕೆ ಶಿಕ್ಷಕರಿಗೆ ಇರುವವರೆಗೆ ಸಾಮಗ್ರಿ ಮಕ್ಕಳ ಕೈಗೆ ಬರುವುದಿಲ್ಲ. ಈ ಅಂಜಿಕೆಯನ್ನು ತೆಗೆಯಬೇಕಾದ್ದು ತಪಾಸಣೆಗೆ ಬರುವವರು.

ಮೂರನೇ ತರಗತಿಯಲ್ಲಿ ‘ಇನ್ನೂರ ಹದಿಮೂರು’ ಎಂದರೆ 20013 ಎಂದು ಬರೆಯುವ ಮಕ್ಕಳಿಗೆ ಒಂದರ ಮೇಲೊಂದು ಕೂರುವ ಕಾರ್ಡುಗಳು ಮದ್ದು. 200ರ ಕಾರ್ಡು ಉದ್ದ, 10ರದು ಅದಕ್ಕಿಂತ ಗಿಡ್ಡ, 3ರದು ಇನ್ನೂ ಗಿಡ್ಡ. ಬಲತುದಿ ಸೇರಿಸಿ ಒಂದರ ಮೇಲೊಂದು ಇಟ್ಟರೆ ಸೊನ್ನೆಗಳು ಮುಚ್ಚಿಹೋಗಿ 213 ಕಾಣುತ್ತದೆ. ಎತ್ತಿದರೆ ಒಳಗಿದ್ದ ಸೊನ್ನೆಗಳು ಮತ್ತೆ ಕಾಣುತ್ತವೆ. ಹಳೆಯ ಮದುವೆ ಕಾಗದದಿಂದ ಇದನ್ನು ಅರ್ಧ ಗಂಟೆಯಲ್ಲಿ ಮಾಡಬಹುದು.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಬ್ರೆಜಿಲಿನ ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುವ ಮಕ್ಕಳು ಬಾಯಿಲೆಕ್ಕದಲ್ಲಿ ಚುರುಕಾಗಿದ್ದು, ಅದೇ ಲೆಕ್ಕವನ್ನು ಕಾಗದದ ಮೇಲೆ ಕೊಟ್ಟಾಗ ಎಡವುತ್ತಿದ್ದರೆಂದು 1985ರಲ್ಲೇ ಸಂಶೋಧಕರು ತೋರಿಸಿದ್ದರು. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೂ ಸೇರಿದ ತಂಡದ ಅಧ್ಯಯನ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳಲ್ಲಿ ಇದನ್ನೇ ಕಂಡಿತು. ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದ್ದನ್ನೂ ಕಂಡಿತು. ಸೇತುವೆ ಎರಡೂ ದಡದಿಂದ ಬೇಕು.

ತರಗತಿಯೊಳಗಿನ ಸಂತೆ ಇಂಥ ಒಂದು ಸೇತುವೆ. ನಾಲ್ಕು ಅಂಗಡಿ, ಅಂಗಡಿಗೆ ಇಬ್ಬರು, ಉಳಿದವರು ಗಿರಾಕಿಗಳು, ಕಾಗದದ ಒಂದು ಮತ್ತು ಹತ್ತು ರೂಪಾಯಿ ನೋಟುಗಳು. ಇದು ಸುಲಭವಾಗಿ ಗದ್ದಲಕ್ಕೆ ತಿರುಗುವ ಚಟುವಟಿಕೆ. ಅದಕ್ಕೆ ಕಟ್ಟುಪಾಡು ಮೊದಲೇ ಬೇಕು. ಒಂದು ಅಂಗಡಿಯ ಮುಂದೆ ಇಬ್ಬರೇ ಗಿರಾಕಿ, ಕೊಂಡದ್ದರ ಬೆಲೆ ಮತ್ತು ಚಿಲ್ಲರೆಯನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದ ಮೇಲೆಯೇ ಮುಂದಿನ ಅಂಗಡಿ, ಗಂಟೆ ಬಾರಿಸಿದರೆ ಪಾತ್ರ ಬದಲು. ಬರೆಯುವ ನಿಯಮ ಕೈಬಿಟ್ಟರೆ ಸಂತೆ ಬರೀ ಆಟವಾಗಿ ಉಳಿಯುತ್ತದೆ. ಬಾಯಿಲೆಕ್ಕ ಅಂಕಿಗಳಾಗಿ ಮಾರ್ಪಡುವುದು ಆ ಸ್ಲೇಟಿನಲ್ಲೇ.

ಹೇಳಿಕೆ ಲೆಕ್ಕಗಳಲ್ಲಿ ಒಂದು ಕೆಟ್ಟ ಅಡ್ಡದಾರಿ ಚಾಲ್ತಿಯಲ್ಲಿದೆ: ‘ಹೆಚ್ಚು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ’. ‘ರವಿಯ ಬಳಿ 8 ಗೋಲಿ ಇವೆ. ಅದು ಗೀತಳ ಬಳಿ ಇರುವುದಕ್ಕಿಂತ 3 ಹೆಚ್ಚು. ಗೀತಳ ಬಳಿ ಎಷ್ಟಿವೆ?’ ಎಂದರೆ ಆ ದಾರಿ ಹಿಡಿದ ಮಗು 11 ಎನ್ನುತ್ತದೆ. ಲೆಕ್ಕವನ್ನು ಮೊದಲು ಅಭಿನಯಿಸಿ, ಇಲ್ಲವೇ ಎರಡು ಸಾಲು ಚುಕ್ಕಿ ಇಟ್ಟು ನೋಡಿದರೆ ಯಾರ ಸಾಲು ಉದ್ದ ಎಂಬುದು ಎದುರಿಗೇ ಇರುತ್ತದೆ. ಕನ್ನಡ ಮನೆಮಾತಲ್ಲದ ಮಕ್ಕಳಿಗೆ, ಲಂಬಾಣಿ ತಾಂಡಾದಿಂದ ಬರುವವರಿಗೆ, ಕಷ್ಟ ಎಷ್ಟೋ ಸಲ ಲೆಕ್ಕದ್ದಲ್ಲ, ‘ಗಿಂತ’ ಎಂಬ ಎರಡಕ್ಷರದ್ದು.

ಮಗ್ಗಿಯ ವಿಷಯದಲ್ಲಿ ಎರಡು ಪಕ್ಷಗಳಿವೆ; ಬಾಯಿಪಾಠ ಬೇಡವೇ ಬೇಡ ಎನ್ನುವವರು, ಅದೇ ಸಾಕು ಎನ್ನುವವರು. ರಾಗದಲ್ಲಿ ಹೇಳಿದ ಮಗ್ಗಿ ಜೀವಮಾನ ಜೊತೆಗಿರುತ್ತದೆ, ಅದನ್ನು ಕಳೆದುಕೊಳ್ಳುವುದು ನಷ್ಟ. ಆದರೆ ಮೂರು ನಾಲ್ಕಲಿ ಹನ್ನೆರಡು ಎನ್ನುವ ಮಗು ಮೂರು ಸಾಲಿನಲ್ಲಿ ನಾಲ್ಕು ನಾಲ್ಕು ಮುಚ್ಚಳ ಜೋಡಿಸಿ ನೋಡಿರಬೇಕು. ಅದೇ ಜೋಡಣೆಯನ್ನು ಪಕ್ಕದಿಂದ ನೋಡಿದರೆ ನಾಲ್ಕು ಸಾಲಿನಲ್ಲಿ ಮೂರು ಮೂರು. ಕಲಿಯಬೇಕಾದ ಮಗ್ಗಿಯ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಅಳತೆ, ಆಕೃತಿ, ಅಂಕಿಅಂಶ

ಅಳತೆಗೆ ಗೇಣು, ಮೊಳ, ಹೆಜ್ಜೆಯಿಂದ ತೊಡಗುವುದೇ ಸರಿ. ಒಂದೇ ಬೆಂಚನ್ನು ಶಿಕ್ಷಕಿ ಅಳೆದರೆ ಏಳು ಗೇಣು, ಮಗು ಅಳೆದರೆ ಹತ್ತು, ‘ಬೆಂಚು ಬೆಳೆಯಿತೇ?’ ಎಂಬ ಪ್ರಶ್ನೆಯಿಂದ ಎಲ್ಲರಿಗೂ ಒಂದೇ ಅಳತೆಕೋಲು ಏಕೆ ಬೇಕೆಂಬುದು ಮಕ್ಕಳ ಬಾಯಿಂದಲೇ ಬರುತ್ತದೆ. ಆಕೃತಿಗೆ ಚುಕ್ಕಿ ರಂಗೋಲಿ ಇದೆ: ನಡುವೆ ಏಳು ಚುಕ್ಕಿ, ಮೇಲೂ ಕೆಳಗೂ ಐದು, ಮೂರು, ಒಂದು. ಒಟ್ಟು ಇಪ್ಪತ್ತೈದು. ಅರ್ಧ ಬಿಡಿಸಿದ ರಂಗೋಲಿಯ ಇನ್ನರ್ಧವನ್ನು ಪೂರ್ತಿ ಮಾಡುವ ಕೆಲಸದಲ್ಲಿ ಎಡ-ಬಲದ ಸಮತೆಯೂ ಸಿಗುತ್ತದೆ. ಹುಡುಗರೂ ಇದನ್ನು ಇಷ್ಟಪಟ್ಟೇ ಮಾಡುತ್ತಾರೆ.

ಅಂಕಿಅಂಶಕ್ಕೆ ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ಒಳ್ಳೆಯದು. ಮೊಟ್ಟೆ ತಿನ್ನುವವರು ಒಂದು ಸಾಲಿನಲ್ಲಿ, ಬಾಳೆಹಣ್ಣು ತಿನ್ನುವವರು ಇನ್ನೊಂದರಲ್ಲಿ ತಮ್ಮ ಹೆಸರಿನ ಬೆಂಕಿಪೊಟ್ಟಣ ಜೋಡಿಸುತ್ತ ಹೋದರೆ ನೆಲದ ಮೇಲೆ ಸ್ತಂಭನಕ್ಷೆ ಎದ್ದು ನಿಲ್ಲುತ್ತದೆ. ಯಾವ ಸಾಲು ಉದ್ದ, ಎಷ್ಟು ಉದ್ದ, ಇಂದು ಬಾರದವರೆಷ್ಟು ಎಂದು ಕೇಳಬಹುದು. ಯಾರು ಏನು ತಿನ್ನುತ್ತಾರೆ ಎಂಬುದು ಮಕ್ಕಳ ನಡುವೆ ಗೇಲಿಗೆ ಕಾರಣವಾಗುವ ಊರಿನಲ್ಲಿ ಇದನ್ನು ಬಿಟ್ಟು, ಹುಟ್ಟಿದ ತಿಂಗಳನ್ನೋ ಶಾಲೆಗೆ ಬರುವ ದಾರಿಯನ್ನೋ ಎತ್ತಿಕೊಳ್ಳಬೇಕು.

ತಿಳಿದುಕೊಳ್ಳುವುದು, ಮನೆಗೆ ಕೊಡುವುದು

ಈ ವಯಸ್ಸಿನ ಕಲಿಕೆಯನ್ನು ತಿಳಿಯಲು ಪ್ರಶ್ನೆಪತ್ರಿಕೆ ಬೇಕಿಲ್ಲ. ಎಲ್ಲರೂ ಒಮ್ಮೆಗೇ ಸ್ಲೇಟು ಎತ್ತಿ ತೋರಿಸಿದರೆ ಯಾರು ಎಲ್ಲಿದ್ದಾರೆಂಬುದು ಹತ್ತು ಸೆಕೆಂಡಿನಲ್ಲಿ ಕಾಣುತ್ತದೆ. ಆದರೆ ಸ್ಲೇಟು ಉತ್ತರ ತೋರಿಸುತ್ತದೆ, ದಾರಿ ತೋರಿಸುವುದಿಲ್ಲ. ದಾರಿ ತಿಳಿಯಲು ದಿನಕ್ಕೆ ಐದು ಮಕ್ಕಳ ಪಕ್ಕ ಎರಡೆರಡು ನಿಮಿಷ ಕುಳಿತು, ಕಂಡದ್ದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡರೆ ಆರು ಶಾಲಾ ದಿನದಲ್ಲಿ ಮೂವತ್ತು ಮಕ್ಕಳ ಚಿತ್ರ ಕೈಯಲ್ಲಿರುತ್ತದೆ. ‘ಬೆರಳು ಬಿಟ್ಟು ಎಣಿಸುವುದಿಲ್ಲ’, ‘ದೊಡ್ಡ ಸಂಖ್ಯೆಯಿಂದ ಮುಂದಕ್ಕೆ ಎಣಿಸುತ್ತಾಳೆ’, ‘ಕಟ್ಟು ಬಿಚ್ಚಲು ಹೆದರುತ್ತಾನೆ’ ಎಂಬಂಥ ಟಿಪ್ಪಣಿ ಮರುದಿನದ ಗುಂಪು ಮಾಡಲು ನೇರ ಉಪಯೋಗಕ್ಕೆ ಬರುತ್ತದೆ. ನೂರಕ್ಕೆ ಇಷ್ಟು ಎಂಬ ಅಂಕ ಬರುವುದಿಲ್ಲ. ಬೆರಳು ಬಳಸಿ ಎಣಿಸುವುದನ್ನು ತಪ್ಪೆಂದು ತಡೆಯಬಾರದು. ಹತ್ತರ ಜೋಡಿಗಳು ಮನಸ್ಸಿಗೆ ಬಂದ ಮೇಲೆ ಬೆರಳು ತಾನೇ ಮಡಚಿಕೊಳ್ಳುತ್ತದೆ.

ಮನೆಗೆ ಕೊಡುವ ಕೆಲಸ ಬರೆಯುವಂಥದ್ದಾಗಬೇಕಿಲ್ಲ. ಓದು ಬಾರದ ಅಜ್ಜಿಯೂ ಜೊತೆಗೂಡಬಹುದಾದ ಪ್ರಶ್ನೆ ಒಂದೇ ಸಾಕು: ನಿಮ್ಮ ಮನೆಯಲ್ಲಿ ಒಂದು ಹೊತ್ತಿಗೆ ಎಷ್ಟು ಪಾವು ಅಕ್ಕಿ, ಎಷ್ಟು ಜನಕ್ಕೆ? ಇಲ್ಲವೇ, ಹೂ ಕಟ್ಟುವವರ ಒಂದು ಮೊಳದಲ್ಲಿ ಎಷ್ಟು ಹೂ? ಮರುದಿನ ಬೆಳಗ್ಗೆ ಹಾಜರಿಗೆ ಮುಂಚೆ ಆ ಉತ್ತರಗಳು ಕೆಳಗಿನ ಕಪ್ಪುಹಲಗೆಯ ಮೇಲೆ ಮಕ್ಕಳ ಕೈಯಲ್ಲೇ ಬರುತ್ತವೆ; ಯಾರ ಮನೆಯ ಮೊಳದಲ್ಲಿ ಹೂ ಹೆಚ್ಚು, ಏಕೆ ಹೆಚ್ಚು ಎಂಬಲ್ಲಿಂದ ಆ ದಿನದ ಲೆಕ್ಕ ಶುರುವಾಗುತ್ತದೆ.